ಮಗಳನ್ನು ಮ್ಯೂನಿಕ್‌ಗೆ ಕರೆತರುವ ಮುನ್ನ

ಮಾನ್ಯ ಸೋದರರೇ, ಯಾದಗಿರಿಯಲ್ಲಿ ಮೂರನೆಯ ತರಗತಿ ಮುಗಿಸುತ್ತಿರುವ ಮಗಳನ್ನು ಈ ಬೇಸಿಗೆಯಲ್ಲೇ ಮ್ಯೂನಿಕ್‌ಗೆ ಕರೆತರಬೇಕೋ, ಜರ್ಮನ್ ಬಾರದೆ ಹಿಂದೆ ಬೀಳುತ್ತಾಳೆಂದು ಎರಡು ವರ್ಷ ಅಜ್ಜಿಯ ಬಳಿ ಬಿಡಬೇಕೋ ಎಂದು ಕೇಳಿದ್ದೀರಿ. ಬಿಡಬೇಡಿ. ತಡವಾದಷ್ಟೂ ಇಲ್ಲಿಯ ದಾರಿ ಕಿರಿದಾಗುತ್ತದೆ.

ಮನೆಯ ಮಾತು ಒಂದು, ಶಾಲೆಯ ಮಾತು ಇನ್ನೊಂದು ಎಂಬುದು ನಮ್ಮ ಭಾಗಕ್ಕೆ ಹೊಸದಲ್ಲ. ಆಳಂದ ತಾಲ್ಲೂಕಿನ ನಮ್ಮೂರಿನಲ್ಲಿ ಅಪ್ಪ ಓದಿದ್ದು ನಿಜಾಮರ ಕಾಲದಲ್ಲಿ, ಉರ್ದು ಮಾಧ್ಯಮದಲ್ಲಿ. ಕನ್ನಡ ಅಕ್ಷರಗಳನ್ನು ಮಠದ ಅಯ್ಯನವರ ಮುಂದೆ ಕುಳಿತು, ವಚನಗಳನ್ನು ಬಾಯಿಪಾಠ ಮಾಡುತ್ತ ಕಲಿತರು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ಸೇರಿದಾಗ ಅವರಿಗೆ ಹನ್ನೆರಡು ವರ್ಷ. ಕೊನೆಯವರೆಗೂ ಹೊಲದ ಲೆಕ್ಕವನ್ನು ಉರ್ದುವಿನಲ್ಲೇ ಬರೆದಿಡುತ್ತಿದ್ದರು. ಅದೇ ಊರಿನ ಕನ್ನಡ ಶಾಲೆಯಲ್ಲಿ ನಾನು ಇಂಗ್ಲಿಷ್ ಅಕ್ಷರ ಕಲಿತದ್ದು ಐದನೆಯ ತರಗತಿಯಲ್ಲಿ. ಗುಲ್ಬರ್ಗದಲ್ಲಿ ಪಿಯುಸಿ ವಿಜ್ಞಾನಕ್ಕೆ ಸೇರಿದಾಗ ಪಾಠವೆಲ್ಲ ಇಂಗ್ಲಿಷಿನಲ್ಲಿತ್ತು. ಮೊದಲ ಆರು ತಿಂಗಳು ಹಲಗೆಯ ಮೇಲಿದ್ದುದನ್ನು ಅರ್ಥವಾಗದೆಯೇ ಇಳಿಸಿಕೊಂಡೆ. ಆದರೂ ಹತ್ತನೆಯ ತರಗತಿಯವರೆಗೆ ಯಾರೂ ನನ್ನನ್ನು ಬೇರೆ ಸಾಲಿಗೆ ಹಚ್ಚಿರಲಿಲ್ಲ.

ಮ್ಯೂನಿಕ್ ಇರುವ ಬವೇರಿಯಾ ರಾಜ್ಯದಲ್ಲಿ ಅಷ್ಟು ಕಾಲ ಸಿಗುವುದಿಲ್ಲ. ನಾಲ್ಕನೆಯ ತರಗತಿಯ ಮೇ ತಿಂಗಳಲ್ಲಿ ಬರುವ ಅಂಕಪತ್ರವೇ, ಮಗು ವಿಶ್ವವಿದ್ಯಾಲಯದತ್ತ ನೇರವಾಗಿ ಒಯ್ಯುವ ಗಿಮ್ನಾಸಿಯುಮ್‌ಗೆ ಹೋಗಬೇಕೋ, ಹತ್ತನೆಯ ತರಗತಿಯವರೆಗಿನ ನಡುಹಂತದ ರಿಯಾಲ್‌ಶೂಲೆಗೋ, ಕಸುಬಿನ ಕಲಿಕೆಯತ್ತ ಒಯ್ಯುವ ಮಿಟೆಲ್‌ಶೂಲೆಗೋ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುತ್ತದೆ. ಇಲ್ಲಿ 1 ಎಂದರೆ ಅತ್ಯುತ್ತಮ, 6 ಅತಿ ಕಡಿಮೆ. ಜರ್ಮನ್, ಗಣಿತ ಮತ್ತು ನಮ್ಮ ಪರಿಸರ ಅಧ್ಯಯನವನ್ನು ಹೋಲುವ ಇನ್ನೊಂದು ವಿಷಯ, ಈ ಮೂರರ ಸರಾಸರಿ 2.33ರೊಳಗಿದ್ದರೆ ಗಿಮ್ನಾಸಿಯುಮ್, 2.66ರೊಳಗಿದ್ದರೆ ರಿಯಾಲ್‌ಶೂಲೆ. ಒಂದನೆಯ ತರಗತಿಯಿಂದ ಇಲ್ಲಿ ಓದದ ಮಗುವಿಗೆ, ಅಂಕ ಇಳಿದದ್ದು ಸರಿಹೋಗಬಲ್ಲ ಭಾಷೆಯ ಕೊರತೆಯಿಂದ ಎಂದು ಶಾಲೆ ಒಪ್ಪಿದರೆ, 3.33ರವರೆಗೆ ಅವಕಾಶವಿದೆ. ಇದನ್ನು ನೀವಾಗಿಯೇ ಕೇಳಿ ತಿಳಿಯಿರಿ.

ಇಲ್ಲಿಯೇ ಶಾಲೆಗೆ ಸೇರಿದ ನನ್ನ ಮಗಳಿಗೆ 2013ರಲ್ಲಿ ಗಣಿತದಲ್ಲಿ 2, ಜರ್ಮನ್‌ನಲ್ಲಿ 4, ಒಟ್ಟು ಸರಾಸರಿ 2.66 ಬಂತು. ಅಂಕಪತ್ರ ಹಿಡಿದು ಅವಳನ್ನು ಗದರಿಸಿದೆ. ನನ್ನ ಪಿಯುಸಿಯ ಆ ಆರು ತಿಂಗಳು ಆಗ ನೆನಪಿಗೇ ಬರಲಿಲ್ಲ. ಅದು ಇಂದಿಗೂ ನನ್ನನ್ನು ನೋಯಿಸುತ್ತದೆ. ಅವಳು ರಿಯಾಲ್‌ಶೂಲೆ ಮುಗಿಸಿ, ಅದರ ಮುಂದಿನ ಹಂತದ, ವೃತ್ತಿ ವಿಷಯಗಳ ಫಾಖ್‌ಓಬರ್‌ಶೂಲೆಯಲ್ಲಿ ಹದಿಮೂರನೆಯ ತರಗತಿಯವರೆಗೆ ಓದಿ, ವಿಶ್ವವಿದ್ಯಾಲಯ ಸೇರಿದಳು. ಆ ದಾರಿ ತೆರೆದೇ ಇದೆ, ಸ್ವಲ್ಪ ಸುತ್ತು ಅಷ್ಟೇ.

ಆದ್ದರಿಂದ ಸೆಪ್ಟೆಂಬರಿನಲ್ಲಿ ಶಾಲೆ ಆರಂಭವಾಗುವಾಗ, ವಯಸ್ಸು ಹೊಂದಿದರೆ, ಮಗಳನ್ನು ಮತ್ತೆ ಮೂರನೆಯ ತರಗತಿಗೇ ಸೇರಿಸಿಕೊಳ್ಳುವಂತೆ ಕೋರಿ. ಜರ್ಮನ್‌ಗೆ ಒಂದು ವರ್ಷ ಹೆಚ್ಚು ಸಿಗುತ್ತದೆ. ಮನೆಯಲ್ಲಿ ನಿಮ್ಮ ತೊದಲು ಜರ್ಮನ್ ಬೇಡ, ಕನ್ನಡವೇ ಇರಲಿ. ಬರುವಾಗ ಅವಳ ಕನ್ನಡ ಪಠ್ಯಪುಸ್ತಕಗಳನ್ನು ಮರೆಯದೆ ತನ್ನಿ. ನಾವು ನಮ್ಮ ಮಗಳಿಗೆ ಅಕ್ಷರ ಕಲಿಸಲಿಲ್ಲ. ಅಜ್ಜ ಅವಳಿಗೆಂದೇ ಕನ್ನಡದಲ್ಲಿ ಬರೆದ ಕಾಗದಗಳನ್ನು ಇಂದಿಗೂ ನಾನೇ ಓದಿ ಹೇಳಬೇಕು.