ಸ್ಪ್ಯಾಮ್‌ಅಸ್ಯಾಸಿನ್ ನಿಧಾನವೇ? ಡಿಬಿ ಲೈಬ್ರರಿ ನೋಡಿ
ಒಂದೊಂದು ಮೇಲ್ ಸೋಸಲು ಸ್ಪ್ಯಾಮ್ ತಡೆಯುವ ತಂತ್ರಾಂಶ ಸ್ಪ್ಯಾಮ್‌ಅಸ್ಯಾಸಿನ್ ಅರ್ಧ ನಿಮಿಷ ತೆಗೆದುಕೊಳ್ಳುತ್ತಿದೆ, ನೆಟ್‌ವರ್ಕ್ ಪರೀಕ್ಷೆ (ಹೊರಗಿನ ಸರ್ವರ್‌ಗಳನ್ನು ಕೇಳಿ ನೋಡುವುದು) ನಿಲ್ಲಿಸಿದರೂ ಅಷ್ಟೇ ಅಂದಿದ್ದೀರಿ. ಹಾಗಾದರೆ ಡಿಎನ್‌ಎಸ್ (ಸರ್ವರ್ ವಿಳಾಸ ಹುಡುಕುವ ವ್ಯವಸ್ಥೆ) ಕಾರಣ ಅಲ್ಲ. ಸುಮ್ನೆ ರ‍್ಯಾಮ್ ಹಾಕಬೇಡಿ.

ನನಗೆ ಅನುಮಾನ ಬೇಯ್ಸ್ ಡೇಟಾಬೇಸ್ ಮೇಲೆ, ಅಂದರೆ ಸ್ಪ್ಯಾಮ್ ಯಾವುದು, ಅಲ್ಲದ್ದು ಯಾವುದು ಅಂತ ಕಲಿತದ್ದನ್ನು ಇಡುವ ಜಾಗ. ಅದರ ಟೋಕನ್‌ಗಳನ್ನು (ಮೇಲ್‌ನಿಂದ ಆಯ್ದ ಪದಗಳು) ಪರ್ಲ್ ಭಾಷೆಯ ಡಿಬಿ-ಫೈಲ್ ಮಾಡ್ಯೂಲ್ ಬರ್ಕ್ಲಿ ಡಿಬಿ ಕಡತದಲ್ಲಿ ಇಡುತ್ತದೆ. ಆ ಮಾಡ್ಯೂಲ್ ಇನ್ನೂ ಓಬೀರಾಯನ ಕಾಲದ, ನಿಧಾನದ ಬರ್ಕ್ಲಿ ಡಿಬಿ 1.85 ಲೈಬ್ರರಿಗೆ ಜೋಡಿಸಿ ಕಂಪೈಲ್ ಆಗಿದೆಯಾ ನೋಡಿ. ಲೈಬ್ರರಿ ಮಾತ್ರ ಹೊಸದು ಹಾಕಿದರೆ ಸಾಲದು, ಡಿಬಿ-ಫೈಲನ್ನೂ ಅದರ ಜೊತೆ ಮತ್ತೆ ಕಂಪೈಲ್ ಮಾಡಬೇಕು. ಆದರೆ ಕಡತದ ಸ್ವರೂಪ ಬದಲಾಗಬಹುದು, ಹಾಗಾಗಿ ಹಳೇ ಲೈಬ್ರರಿ ಇರುವಾಗಲೇ ಸ್ಪ್ಯಾಮ್‌ಅಸ್ಯಾಸಿನ್ ಜೊತೆ ಬರುವ ಎಸ್‌ಎ-ಲರ್ನ್ ಕಮಾಂಡ್‌ನಿಂದ ಬ್ಯಾಕಪ್ ತೆಗೆದಿಡಿ (ಇದನ್ನು ಮಾತ್ರ ಬಿಡಬೇಡಿ), ಆಮೇಲೆ ಡೇಟಾಬೇಸ್ ಕ್ಲಿಯರ್ ಮಾಡಿ ಹೊಸದರಲ್ಲಿ ರಿಸ್ಟೋರ್ ಮಾಡಿ.

ಬೇಯ್ಸ್ ಆಟೋ ಎಕ್ಸ್‌ಪೈರ್ (ಹಳೇ ಟೋಕನ್‌ಗಳನ್ನು ತಾನಾಗಿಯೇ ಅಳಿಸುವುದು) ಕೂಡ ಆಫ್ ಮಾಡಿ, ಆ ಕೆಲಸವನ್ನು ರಾತ್ರಿ ಕ್ರಾನ್‌ನಲ್ಲಿ (ನಿಗದಿತ ಹೊತ್ತಿಗೆ ಕೆಲಸ ಓಡಿಸುವ ಸಾಧನ) ಓಡಿಸಿ. ಮೇಲ್ ಜಾಸ್ತಿ ಇದ್ದರೆ ಟೋಕನ್ ಇಡಲು ರೆಡಿಸ್ (ಮೆಮೊರಿಯಲ್ಲೇ ಓಡುವ ಡೇಟಾಬೇಸ್) ವಾಸಿ, ಸ್ಪ್ಯಾಮ್‌ಅಸ್ಯಾಸಿನ್ 3.4.0 ಆವೃತ್ತಿಯಿಂದ ಅದಕ್ಕೆ ಬೆಂಬಲ ಇದೆ.