ಟ್ವೀಟ್‌ನ ಬೆಂಬಲ, ಸದನದ ಬೆಂಬಲ

ರಾಜಕಾರಣಿಗಳು ಜಾಲತಾಣದಲ್ಲಿ ಪರಸ್ಪರ ತೋರುವ ಬೆಂಬಲ ನೆಲದ ಮೇಲೂ ಇರುತ್ತದೆಯೇ ಎಂದು ಕೇಳಿದ್ದೀರಿ. ಇರಲೇಬೇಕೆಂದಿಲ್ಲ, ಏಕೆಂದರೆ ಟ್ವೀಟ್‌ಗೆ ಖರ್ಚಿಲ್ಲ (ಎಷ್ಟೋ ಬಾರಿ ಅದನ್ನು ಬರೆಯುವವರು ಸಿಬ್ಬಂದಿ), ಆದರೆ ಸದನದಲ್ಲಿ ವಿಪ್ (ಹೀಗೇ ಮತ ಹಾಕಬೇಕೆಂಬ ಪಕ್ಷದ ಆದೇಶ) ಮೀರಿದ ಶಾಸಕನು 1985ರ ಪಕ್ಷಾಂತರ ನಿಷೇಧ ಕಾಯ್ದೆಯಡಿ ಸ್ಥಾನವನ್ನೇ ಕಳೆದುಕೊಳ್ಳಬಹುದು.

2018ರ ಮೇ 23ರಂದು ಕಾಂಗ್ರೆಸ್-ಜೆಡಿಎಸ್ ಮೈತ್ರಿ ಸರ್ಕಾರದ ಮುಖ್ಯಮಂತ್ರಿಯಾಗಿ ಜೆಡಿಎಸ್‌ನ ಕುಮಾರಸ್ವಾಮಿಯವರ ಪ್ರಮಾಣವಚನಕ್ಕೆ ವಿಧಾನಸೌಧದ ಮುಂದೆ ಸೇರಿದ ದೇಶದ ವಿರೋಧ ಪಕ್ಷಗಳ ನಾಯಕರು ಕೈ ಕೈ ಹಿಡಿದು ನಿಂತ ಚಿತ್ರ ಜಾಲತಾಣಗಳಲ್ಲೆಲ್ಲ ಹರಿದಾಡಿತು. ಆದರೆ ಹಳೆ ಮೈಸೂರಿನ ಹಳ್ಳಿಗಳಲ್ಲಿ ದಶಕಗಳಿಂದ ಎದುರುಬದುರಾಗಿದ್ದ ಕಾಂಗ್ರೆಸ್ ಮತ್ತು ಜೆಡಿಎಸ್ ಕಾರ್ಯಕರ್ತರು ಒಂದು ಚಿತ್ರ ನೋಡಿ ಹಗೆ ಮರೆಯುವವರಲ್ಲ. 2019ರ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕದಲ್ಲಿ ಎರಡೂ ಪಕ್ಷಗಳಿಗೆ ತಲಾ ಒಂದೇ ಸ್ಥಾನ ದಕ್ಕಿತು. ಮೈತ್ರಿಕೂಟದ ಶಾಸಕರ ರಾಜೀನಾಮೆಗಳ ಬಳಿಕ, ಅದೇ ವರ್ಷ ಜುಲೈ 23ರಂದು, ಸರ್ಕಾರದ ವಿಶ್ವಾಸಮತವು 99-105ರಲ್ಲಿ ಬಿದ್ದುಹೋಯಿತು.