ಅಕ್ಟೋಬರ್ ಮಳೆಯಲ್ಲಿ ಕಾಗದ ಒಣಗುತ್ತಾ?

ಅಕ್ಟೋಬರಿನಲ್ಲಿ ಶಿರಸಿ ಕಡೆಯ ತೋಟದ ಮನೆಯಲ್ಲಿ ಎರಡು ವಾರ ಇದ್ದು ಜಲವರ್ಣ ಚಿತ್ರ ಮಾಡಬೇಕು, ಮಳೆ ತೊಂದರೆ ಕೊಡುತ್ತಾ ಅಂತ ಕೇಳಿದ್ದೀರಿ. ಖಂಡಿತ ಬನ್ನಿ. ಆಷಾಢದ ಹಾಗೆ ದಿನವಿಡೀ ಸುರಿಯುವ ಕಾಲ ಅದಲ್ಲ. ಜಾಸ್ತಿ ದಿನ ಬೆಳಿಗ್ಗೆ ಬಿಸಿಲಿರುತ್ತದೆ, ಮಧ್ಯಾಹ್ನ ದಾಟಿದ ಮೇಲೆ ಗುಡುಗು ಮಳೆ. ಹೊರಗಿನ ಕೆಲಸ ಹನ್ನೊಂದರೊಳಗೆ ಮುಗಿಸಿಕೊಳ್ಳಿ.

ನಿಜವಾದ ತೊಂದರೆ ಮಳೆಯಲ್ಲ, ಥಂಡಿ, ಅಂದರೆ ಗಾಳಿಯಲ್ಲಿನ ತೇವ. ನಾನು ಉಳಿದಿದ್ದ ಮನೆಯಲ್ಲಿ ಆಕಾಶಕ್ಕೆ ಹಚ್ಚಿದ ತೆಳು ನೀಲಿ ಒಂದು ಗಂಟೆಯಾದರೂ ಒಣಗಲಿಲ್ಲ. ಬೆರಳಿಟ್ಟರೆ ತಣ್ಣಗೆ ಅಂಟುತ್ತಿತ್ತು. ಮನೆಯ ಅಜ್ಜಿ ನೋಡಿ, "ತಮಾ, ಬಚ್ಚಲ ಒಲೆ ಹತ್ರ ಇಡು" ಅಂದರು. ಹತ್ತೇ ನಿಮಿಷ, ಒಣಗಿತು! ಆದರೆ ಒಲೆಯಿಂದ ಎರಡು ಮೊಳ ದೂರ ಇಡಿ, ಕಾಗದದ ನಾಲ್ಕೂ ಬದಿ ಹಲಗೆಗೆ ಅಂಟಿಸಿರಿ. ಇಲ್ಲಾಂದ್ರೆ ಹಪ್ಪಳದ ಹಾಗೆ ಸುರುಟಿಕೊಳ್ಳುತ್ತದೆ.

300 ಜಿಎಸ್‌ಎಂನ (ಚದರ ಮೀಟರಿಗೆ 300 ಗ್ರಾಂ ತೂಗುವ) ಹತ್ತಿ ಕಾಗದವನ್ನೇ ತನ್ನಿ. ಬಳಸದ ಹಾಳೆಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಮುಚ್ಚಿಡಿ. ಥಂಡಿಗೆ ಕಾಗದದ ಮೇಲಿನ ಅಂಟಿನ ಲೇಪ ಕೆಟ್ಟರೆ ಬಣ್ಣ ಇಂಗಿಹೋಗಿ ಕಲೆ ಕಲೆಯಾಗುತ್ತದೆ, ಆಮೇಲೆ ಏನೂ ಮಾಡೋಕಾಗಲ್ಲ.

ಹಸಿರಿನ ಟ್ಯೂಬ್ ನೆಚ್ಚಿಕೊಳ್ಳಬೇಡಿ. ಅಡಿಕೆ ಸೋಗೆ, ಮೆಣಸಿನ ಬಳ್ಳಿ, ಕಲ್ಲಿನ ಮೇಲಿನ ಹಾವಸೆ, ಒಂದರ ಹಸಿರು ಇನ್ನೊಂದಕ್ಕಿಲ್ಲ. ಹಳದಿ, ನೀಲಿ ಬೆರೆಸಿ ನೋಡಿ. ಬನವಾಸಿ ಕಡೆ ಹೋದರೆ ಗದ್ದೆಗಳು ಹಳದಿಗೆ ತಿರುಗುತ್ತಿರುತ್ತವೆ. ಸಹಸ್ರಲಿಂಗವನ್ನು ಕೊನೆಗಿಟ್ಟುಕೊಳ್ಳಿ, ಶಾಲ್ಮಲೆ ಹೊಳೆಯ ನೀರು ಇಳಿದಷ್ಟೂ ಬಂಡೆಗಳಲ್ಲಿ ಕೆತ್ತಿದ ಲಿಂಗಗಳು ಚೆನ್ನಾಗಿ ಕಾಣುತ್ತವೆ.

ತೋಟದಲ್ಲಿ ಕೂರುವ ಮೊದಲು ಕಾಲಿಗೆ ಸುಣ್ಣ ಹಚ್ಚಿಕೊಳ್ಳಿ, ಉಂಬಳ (ಜಿಗಣೆ) ಇನ್ನೂ ಇರುತ್ತವೆ.